ಅಮ್ಮನ ಹಾಟ್‌ವಾಟರ್ ಬ್ಯಾಗಿಗೆ ಉಲ್ಲನ್ ಕವರ್: ಗೆಳೆಯನಿಗೊಂದು ಪತ್ರ

ಲೋ ಗೆಳೆಯ,

ನಿನ್ನ ಮೆಸೇಜ್ ಓದ್ದೆ. ಅಮ್ಮನ ಸೊಂಟನೋವಿಗೆ ದಿನಾ ರಾತ್ರಿ ಹಾಟ್‌ವಾಟರ್ ಬ್ಯಾಗ್ ಕೊಡ್ತಿದೀನಿ, ಟವಲ್ ಸುತ್ತಿನೇ ಕೊಡ್ತೀನಿ, ಆದ್ರೆ ಅವ್ರು ಮಗ್ಗಲು ಬದಲಾಯಿಸಿದ ತಕ್ಷಣ ಟವಲ್ ಒಂದ್ಕಡೆ ಬ್ಯಾಗ್ ಒಂದ್ಕಡೆ ಆಗಿ ಬರೀ ರಬ್ಬರ್ರು ಮೈಗೆ ತಾಗತ್ತೆ, ಅದಕ್ಕೊಂದು ಉಲ್ಲನ್ ಕವರ್ ಹೆಣೆಯೋಕಾಗತ್ತಾ ಅಂತ ಕೇಳಿದೀಯ. ಆಗತ್ತೆ ಕಣೋ, ಖಂಡಿತ ಆಗತ್ತೆ. ಮಫ್ಲರ್ ಹೆಣೆದು ಮುಗಿಸಿರೋನು ನೀನು, ಸೀದಾ ಹೆಣಿಗೆ (ನಿಟ್) ಉಲ್ಟಾ ಹೆಣಿಗೆ (ಪರ್ಲ್) ಎರಡೂ ಕೈಗೆ ಕೂತಿದೆ, ಇದಕ್ಕೆ ಅದಕ್ಕಿಂತ ಜಾಸ್ತಿ ವಿದ್ಯೆ ಏನೂ ಬೇಡ. ಸ್ವಲ್ಪ ಉದ್ದ ಪತ್ರ ಆಗತ್ತೆ, ಕೂತ್ಕೊಂಡು ಓದು.

ಮೊದಲು ಒಂದು ವಿಷಯ ತಲೆಗೆ ಹಾಕ್ಕೋ. ಈ ಕವರ್ರನ್ನ ಎಲ್ಲರೂ ಅಲಂಕಾರ ಅಂದ್ಕೋತಾರೆ, ನಂಗೆ ಹಂಗನ್ಸಲ್ಲ. ಬಿಸಿ ಕೊಡೋದು ನೀರೇ, ಆದ್ರೆ ಆ ಬಿಸಿ ಎಷ್ಟು ನಿಧಾನವಾಗಿ ಮೈಗೆ ಬರಬೇಕು ಅಂತ ತೀರ್ಮಾನ ಮಾಡೋದು ಕವರ್ರು. ಸುಟ್ಟಗಾಯದ ಬಗ್ಗೆ 1947ರಲ್ಲಿ ಮೊರಿಟ್ಜ್ ಮತ್ತೆ ಹೆನ್ರಿಕ್ಸ್ ಅನ್ನೋರು ಮಾಡಿದ ಅಧ್ಯಯನವನ್ನ ಇವತ್ತಿಗೂ ಡಾಕ್ಟರುಗಳು ಎತ್ತಿ ಹೇಳ್ತಾರೆ. ಅದರ ಪ್ರಕಾರ ಚರ್ಮ 60 ಡಿಗ್ರಿ ಬಿಸಿಗೆ ಸುಮಾರು 5 ಸೆಕೆಂಡಲ್ಲೇ ಸುಡತ್ತೆ, ಅದು ಬಿಡು, ಬರೀ 44 ಡಿಗ್ರಿ ಇದ್ರೂ 6 ಗಂಟೆ ಹೊತ್ತು ಒಂದೇ ಜಾಗಕ್ಕೆ ತಾಗಿಕೊಂಡೇ ಇದ್ರೆ ಸುಡತ್ತೆ. 44 ಡಿಗ್ರಿ ಅಂದ್ರೆ ಕೈಗೆ ಹಿತವಾಗೇ ಇರತ್ತೆ ಕಣೋ, ಅದೇ ಭಯ ನಂಗೆ. ಅಮ್ಮಂಗೆ ಶುಗರ್ ಬೇರೆ ಇದೆ ಅಂದಿದ್ದೆ, ಶುಗರ್ ಇರೋರಿಗೆ ಪಾದದಲ್ಲಿ ಸ್ಪರ್ಶ ಮಂಕಾಗಿರಬಹುದು, ಸುಡ್ತಿದೆ ಅಂತ ಗೊತ್ತಾಗೋದೇ ತಡ ಆಗತ್ತೆ. ಹಾಗಾಗಿ ಸೊಂಟಕ್ಕೆ ಇಡು, ಅದೂ ಅವ್ರು ಎಚ್ಚರ ಇರೋವಾಗ, ಪಾದದ ಹತ್ರ ಬೇಡ್ವೇ ಬೇಡ, ನಿದ್ದೆ ಹತ್ತೋ ಮುಂಚೆ ತೆಗೆದಿಟ್ಬಿಡು. ನಾನು ಎಷ್ಟೇ ಚೆನ್ನಾಗಿರೋ ಕವರ್ ಹೇಳ್ಕೊಟ್ರೂ ಈ ಒಂದು ಮಾತು ಮಾತ್ರ ಮರೀಬೇಡ. ದಿನಾ ಒಂದೇ ಜಾಗಕ್ಕೆ ಬಿಸಿ ಇಟ್ಟೂ ಇಟ್ಟೂ ಚರ್ಮದ ಮೇಲೆ ಬಲೆ ಬಲೆ ಥರ ಕಂದು ಗೆರೆ ಮೂಡೋದೂ ಉಂಟು, ಹಂಗೇನಾದ್ರೂ ಕಂಡ್ರೆ ಬ್ಯಾಗ್ ನಿಲ್ಸಿ ಡಾಕ್ಟರಿಗೆ ತೋರ್ಸು.

ಈಗ ದಾರದ ವಿಷಯ. ನನ್ನ ಕೇಳಿದ್ರೆ ಉಣ್ಣೆಯದ್ದೇ ತಗೋ, ಅಪ್ಪಟ ಉಲ್ಲನ್. ಯಾಕೆ ಅಂದ್ರೆ ಉಣ್ಣೆಯ ಒಂದೊಂದು ಎಳೆಯೂ ಹುಟ್ಟಾ ಸುರುಳಿ ಸುರುಳಿಯಾಗಿರತ್ತೆ, ಎಷ್ಟು ಒತ್ತಿದ್ರೂ ಪೂರ್ತಿ ಚಪ್ಪಟೆ ಆಗದೆ ಮಧ್ಯ ಮಧ್ಯ ಗಾಳಿ ಹಿಡ್ಕೊಂಡಿರತ್ತೆ, ಆ ಅಲುಗಾಡದ ಗಾಳಿನೇ ಬಿಸಿಯನ್ನ ತಡೆದು ತಡೆದು ಬಿಡೋದು. ಮೈ ಬೆವರಿದ್ರೂ ತೊಂದ್ರೆ ಇಲ್ಲ, ಉಣ್ಣೆ ತನ್ನ ತೂಕದ ಶೇಕಡಾ 30ರ ಆಸುಪಾಸು ತೇವ ಹೀರ್ಕೊಂಡ್ರೂ ಕೈಗೆ ಒದ್ದೆ ಅನ್ಸಲ್ಲ. ಆದ್ರೆ ನೀರು ತುಂಬ್ಸೋವಾಗ ಚೆಲ್ಲಿ ಕವರ್ ನಿಜವಾಗ್ಲೂ ತೊಯ್ದೋದ್ರೆ ಅವತ್ತು ಅದನ್ನ ಹಾಕ್ಬೇಡ. ನಿಂತ ಗಾಳಿಗೆ ಹೋಲಿಸಿದ್ರೆ ನೀರು 20 ಪಟ್ಟಿಗೂ ಜಾಸ್ತಿ ಚೆನ್ನಾಗಿ ಶಾಖ ದಾಟಿಸತ್ತೆ, ಅಂದ್ರೆ ಒದ್ದೆ ಕವರ್ ಇದ್ದೂ ಇಲ್ಲದ ಹಾಗೆ.

ಉಲ್ಲನ್ ಚುಚ್ಚತ್ತಲ್ಲಾ ಅಂತೀಯ ಅಂತ ಗೊತ್ತು. ಎಲ್ಲಾ ಉಲ್ಲನ್ನೂ ಚುಚ್ಚಲ್ಲ. ಸುಮಾರು 30 ಮೈಕ್ರಾನಿಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಅಂದ್ರೆ ಒಂದು ಮೈಕ್ರಾನ್) ದಪ್ಪ ಇರೋ ಎಳೆಗಳ ತುದಿ ಚರ್ಮಕ್ಕೆ ಕುಟ್ಟಿದಾಗ ಹಂಗನ್ಸೋದು, ಮೆರಿನೋ ಅನ್ನೋ ತಳಿಯ ಕುರಿ ಉಣ್ಣೆ ಅದಕ್ಕಿಂತ ಎಷ್ಟೋ ನಯ. ಅಂಗಡೀಲಿ ಉಂಡೆ ತಗೊಂಡು ಅಂಗೈಗೆ ಉಜ್ಜಿ ನೋಡ್ಬೇಡ, ಅಂಗೈ ಚರ್ಮ ದಪ್ಪ, ಏನೂ ಗೊತ್ತಾಗಲ್ಲ, ಕತ್ತಿನ ಪಕ್ಕಕ್ಕೆ ಒಂದು ನಿಮಿಷ ಇಟ್ಕೊಂಡು ನೋಡು, ಉತ್ತರ ಅಲ್ಲೇ ಸಿಗತ್ತೆ. ಅಕ್ರಿಲಿಕ್ ದಾರ ಅಗ್ಗ, ಬಣ್ಣ ಜಾಸ್ತಿ, ಒಗೆಯೋದು ಸುಲಭ, ಎಲ್ಲಾ ನಿಜ, ಆದ್ರೆ ಜೋರು ಬಿಸಿ ಹಬೆ ತಗುಲಿದ್ರೆ ಅದರ ಪುಟಿತ ಸತ್ತು ಜೋಲು ಬೀಳತ್ತೆ, ಒಮ್ಮೆ ಜೋಲು ಬಿದ್ರೆ ಮತ್ತೆ ವಾಪಸ್ ಬರಲ್ಲ. ಅಮ್ಮಂಗೆ ಉಣ್ಣೆ ಆಗೋದೇ ಇಲ್ಲ ಅಂದ್ರೆ ಮಾತ್ರ ಕಾಟನ್, ಆಗ ಎರಡು ಪದರ ಮಾಡು. ದಾರದ ದಪ್ಪ ಡಿಕೆ (ಡಬಲ್ ನಿಟ್ಟಿಂಗ್, ಮಧ್ಯಮ ದಪ್ಪ) ಅಂತ ಬರತ್ತಲ್ಲ ಅದನ್ನ ತಗೋ, 150 ಗ್ರಾಂ ಇದ್ರೆ ಧೈರ್ಯವಾಗಿ ಶುರು ಮಾಡ್ಬಹುದು. ಕಡ್ಡಿ 4 ಮಿಲಿಮೀಟರಿಂದು. ಹಳೇ ಕಡ್ಡಿ ಇದ್ರೆ ಅದರ ಮೇಲೆ 8 ಅಂತ ಇರತ್ತೆ, ಎರಡೂ ಒಂದೇ, ಹಳೇ ಲೆಕ್ಕದಲ್ಲಿ ನಂಬರ್ ಜಾಸ್ತಿ ಆದಷ್ಟೂ ಕಡ್ಡಿ ತೆಳ್ಳಗೆ ಅನ್ನೋದು ನೆನಪಿರ್ಲಿ.

ಅಳತೆ ತೆಗೆಯೋವಾಗ ಬ್ಯಾಗ್ ಖಾಲಿ ಇಟ್ಕೊಂಡು ಟೇಪನ್ನ ಹೊಟ್ಟೆ ಸುತ್ತ ಒಂದು ಸುತ್ತು ಹಾಕು. ಬ್ಯಾಗ್ ತುಂಬಿದಾಗ ಅಗಲ ಕಡಿಮೆ ಆಗಿ ದಪ್ಪ ಜಾಸ್ತಿ ಆಗತ್ತೆ, ಅದನ್ನ ನೋಡಿ ತುಂಬಾ ಜನ ಗಾಬರಿಯಾಗಿ ಕವರ್ರನ್ನ ದೊಡ್ಡದು ಮಾಡ್ಬಿಡ್ತಾರೆ, ಆದ್ರೆ ಸುತ್ತಳತೆ ಹೆಚ್ಚುಕಮ್ಮಿ ಅಷ್ಟೇ ಇರತ್ತೆ ನೋಡು. 2 ಲೀಟರಿನ ಮಾಮೂಲಿ ಬ್ಯಾಗಿಗೆ ಅದು 40 ಸೆಂಟಿಮೀಟರ್ ಹತ್ರ ಬರತ್ತೆ, ತಳದಿಂದ ಭುಜಕ್ಕೆ, ಅಂದ್ರೆ ಬ್ಯಾಗ್ ಕುತ್ತಿಗೆ ಕಡೆ ಕಿರಿದಾಗೋಕೆ ಶುರುವಾಗೋ ಜಾಗಕ್ಕೆ, 25 ಇರಬಹುದು, ನಿಂದು ಬೇರೆ ಇದ್ರೆ ನಿನ್ನ ಅಳತೆನೇ ಸರಿ. ಜೊತೆಗೆ ದಯವಿಟ್ಟು ಒಂದು ಸ್ಯಾಂಪಲ್ ತುಂಡು ಹೆಣಿ. ಸೀದಾ ಒಂದು ಸಾಲು ಉಲ್ಟಾ ಒಂದು ಸಾಲು ಹಾಕ್ಕೊಂಡು ಹೋಗಿ 10 ಸೆಂಟಿಮೀಟರಲ್ಲಿ 22 ಕುಣಿಕೆ (ಕಡ್ಡಿ ಮೇಲಿನ ದಾರದ ಒಂದೊಂದು ಸುತ್ತು) ಬಂದ್ರೆ ನಾನು ಹೇಳೋ ಲೆಕ್ಕ ಹಾಗೇ ಹೊಂದತ್ತೆ, 20 ಬಂದ್ರೆ ನಿನ್ನ ಕೈ ಸಡಿಲ, ಒಂದು ಸೈಜ್ ಚಿಕ್ಕ ಕಡ್ಡಿ ತಗೋ.

ಹೆಣಿಗೆ ಶುರು ಮಾಡೋಣ. ಮುಂಭಾಗ ಹಿಂಭಾಗ ಅಂತ ಎರಡು ಒಂದೇ ಥರದ ತುಂಡು. ಒಂದೊಂದಕ್ಕೂ 46 ಕುಣಿಕೆ ಹಾಕ್ಕೋ. ಎರಡು ಸೀದಾ ಎರಡು ಉಲ್ಟಾ, ಎರಡು ಸೀದಾ ಎರಡು ಉಲ್ಟಾ, ಹೀಗೇ ಹೋಗಿ ಕೊನೇಲಿ ಎರಡು ಸೀದಾ ಬಂದು ನಿಲ್ಲತ್ತೆ. ತಿರುಗಿಸಿದ ಮೇಲೆ ಲೆಕ್ಕ ಹಾಕೋ ಕಷ್ಟ ಬೇಡ, ಕುಣಿಕೆಯನ್ನ ನೋಡ್ಕೊಂಡು ಹೋಗು, ನಿನ್ನ ಕಡೆ ಮುಖ ಮಾಡಿರೋದು ಬಾಣದ ತುದಿ ಥರ ಚೂಪಾಗಿ ಕಂಡ್ರೆ ಸೀದಾ, ಗಂಟಾಗಿ ಕಂಡ್ರೆ ಉಲ್ಟಾ. ಇದೇ ರಿಬ್ಬು. ಯಾಕೆ ರಿಬ್ಬೇ ಬೇಕು ಅಂದ್ರೆ, ಸೀದಾ ಕುಣಿಕೆ ಮುಂದೆ ಬರೋಕೆ ನೋಡತ್ತೆ ಉಲ್ಟಾ ಕುಣಿಕೆ ಹಿಂದೆ ಸರಿಯೋಕೆ ನೋಡತ್ತೆ, ಎರಡೂ ಎಳೆದಾಡಿ ಬಟ್ಟೆ ತಾನಾಗೇ ಒಳಗೆ ಮುದುಡ್ಕೊಳತ್ತೆ, ಬ್ಯಾಗಿಗೆ ಹಾಕಿದಾಗ ಅದನ್ನ ಗಟ್ಟಿಯಾಗಿ ತಬ್ಕೊಳತ್ತೆ. ಟವಲ್ಲಿನ ಥರ ಜಾರೋ ಪ್ರಶ್ನೆನೇ ಇಲ್ಲ. ಹೆಣೆದ ತುಂಡು ಕೈಲಿ ಹಿಡಿದಾಗ ಅಯ್ಯೋ ಇಷ್ಟು ಚಿಕ್ಕದಾಯ್ತಲ್ಲಾ ಅನ್ಸತ್ತೆ, ಅನ್ಸ್ಲಿ, ಎಳೆದು ನೋಡು. ಆದ್ರೆ ಇನ್ನೂ ಕಮ್ಮಿ ಕುಣಿಕೆ ಹಾಕಿ ತುಂಬಾ ಬಿಗಿ ಮಾಡೋಕೆ ಹೋಗ್ಬೇಡ, ಬಿಗಿಯಾಗಿ ಎಳೆದ ಹೆಣಿಗೇಲಿ ಕಿಂಡಿ ಬಿಟ್ಕೊಂಡು ತೆಳ್ಳಗಾಗತ್ತೆ, ಗಾಳಿ ಹಿಡ್ಕೊಳ್ಳೋ ದಪ್ಪವೇ ಹೋದ್ರೆ ಇಷ್ಟೆಲ್ಲಾ ಹೆಣೆದು ಏನು ಬಂತು. ಚೆಂದ ಕಾಣ್ಲಿ ಅಂತ ಜಡೆ ಡಿಸೈನ್ ಹಾಕೋ ಆಸೆ ಬಂದ್ರೆ ಇನ್ನೊಂದು ಕವರಿಗೆ ಇಟ್ಕೋ, ಜಡೆ ಬಟ್ಟೆಯನ್ನ ಜಾಸ್ತಿ ಎಳ್ಕೊಳತ್ತೆ, ಕುಣಿಕೆ ಲೆಕ್ಕ ಪೂರ್ತಿ ಬದಲಾಗತ್ತೆ.

ಬ್ಯಾಗಿನ ಮೇಲೆ ಸ್ವಲ್ಪ ಎಳೆದು ಇಟ್ಟು ನೋಡ್ತಾ ಹೋಗು, ಭುಜದ ಹತ್ರ ಬಂತು ಅಂದ್ಮೇಲೆ ಪ್ರತಿ ಸಾಲಿನ ಶುರೂಲಿ 2 ಕುಣಿಕೆ ಮುಚ್ಚು, ಅಂದ್ರೆ ಒಂದರ ಮೇಲೊಂದು ದಾಟಿಸಿ ಕಡ್ಡಿಯಿಂದ ಇಳಿಸ್ಬಿಡು. ಹೀಗೆ 12 ಸಾಲು. ಎರಡೂ ಕಡೆಯಿಂದ ಹನ್ನೆರಡು ಹನ್ನೆರಡು ಹೋಗಿ 22 ಉಳ್ಕೊಳತ್ತೆ, ಹನ್ನೆರಡು ಅಂದ್ರೆ ರಿಬ್ಬಿನ ಸರಿಯಾಗಿ ಮೂರು ಜೊತೆ, ಹಾಗಾಗಿ ಉಳಿದ 22 ಕೂಡ ಎರಡು ಸೀದಾದಿಂದಲೇ ಶುರುವಾಗಿ ಎರಡು ಸೀದಾದಲ್ಲೇ ಮುಗಿಯತ್ತೆ, ತಳದಿಂದ ಬಂದ ಗೆರೆಗಳು ಮುರೀದೆ ನೇರ ಕುತ್ತಿಗೆಗೆ ಹತ್ತುತ್ವೆ. ನಂಗೆ ಈ ಜಾಗ ಹೆಣೆಯೋವಾಗ ಪ್ರತಿ ಸಲನೂ ಖುಷಿ ಆಗತ್ತೆ. ಆ 22ರಲ್ಲೇ ಇನ್ನೊಂದು 13 ಸೆಂಟಿಮೀಟರ್ ಹೆಣೆದು ಮುಗಿಸು, ಆದ್ರೆ ಕೊನೇ ಸಾಲನ್ನ ತುಂಬಾ ಸಡಿಲವಾಗಿ ಮುಚ್ಚು, ಬೇಕಾದ್ರೆ ಆ ಸಾಲಿಗೆ ಮಾತ್ರ ದೊಡ್ಡ ಕಡ್ಡಿ ಹಿಡಿ. ಬ್ಯಾಗ್ ಒಳಗೆ ಹೋಗೋದೂ ಹೊರಗೆ ಬರೋದೂ ಇದೇ ಬಾಯಲ್ಲಿ, ಇಲ್ಲಿ ಬಿಗಿಯಾದ್ರೆ ದಾರ ಪಟ್ ಅಂತ ಕಿತ್ಕೊಳತ್ತೆ.

ಎರಡು ತುಂಡನ್ನ ಜೋಡಿಸೋವಾಗ ಅಂಚಿನ ಒಂದೊಂದು ಕುಣಿಕೆ ಒಳಗೆ ಹೋಗೋ ಹಾಗೆ ಅದೇ ದಾರದಲ್ಲಿ ಹೊಲಿ. ಎರಡೂ ಕಡೆ ಎರಡೆರಡು ಸೀದಾ ಇದ್ದಿದ್ದು ಒಂದೊಂದು ಒಳಗೆ ಹೋದ್ಮೇಲೆ ಒಂದೇ ಜೋಡಿ ಸೀದಾ ಆಗಿ ನಿಲ್ಲತ್ತೆ, ಹೊಲಿಗೆ ಎಲ್ಲಿದೆ ಅಂತ ಹುಡುಕ್ಬೇಕು. ಕುತ್ತಿಗೆಯ ಮೇಲಿನ ಅರ್ಧ ಮಡಚಿ ಕೆಳಗೆ ಬರತ್ತಲ್ಲ, ಅಲ್ಲಿ ಹೊಲಿಗೆಯನ್ನ ಹೊರಗಡೆಯಿಂದ ಹಾಕು, ಮಡಚಿದಾಗ ಕಾಣಲ್ಲ. ಹಿಂದೆ ಬಟನ್ ಇಟ್ಟು ಲಕೋಟೆ ಥರ ತೆಗೆಯೋ ಹಾಗೂ ಮಾಡ್ತಾರೆ, ನಂಗೆ ಅದು ಇಷ್ಟ ಇಲ್ಲ, ಸೊಂಟಕ್ಕೆ ಬಟನ್ ಒತ್ತತ್ತೆ, ಲೋಹದ್ದಾದ್ರೆ ಕಾಯತ್ತೆ ಕೂಡ. ಖಾಲಿ ಬ್ಯಾಗನ್ನ ಉದ್ದಕ್ಕೆ ಸುರುಳಿ ಸುತ್ತಿ ಕುತ್ತಿಗೆಯೊಳಗೆ ತೂರ್ಸು, ಒಳಗೆ ಹೋದ್ಮೇಲೆ ಅದೇ ಬಿಚ್ಕೊಂಡು ಕೂರತ್ತೆ. ಮಡಚಿರೋ ಕಾಲರ್ ಇದ್ಯಲ್ಲ, ಅದಕ್ಕೂ ಒಂದು ಕೆಲ್ಸ ಇದೆ. ನೀರು ತುಂಬ್ಸೋವಾಗ ಅದನ್ನ ಪೂರ್ತಿ ಕೆಳಗೆ ಜಗ್ಗಿ ಇಡು, ಹನಿ ಬೀಳಲ್ಲ, ಮುಚ್ಚಳ ತಿರುಗಿಸಿ ಒರೆಸಿದ ಮೇಲೆ ಮೇಲೆತ್ತಿ ಮುಚ್ಚಳವನ್ನೂ ಮುಚ್ಚೋ ಹಾಗೆ ಬಿಡು, ಆ ಗಟ್ಟಿ ಮುಚ್ಚಳ ಅಮ್ಮನ ಬೆನ್ನಿಗೆ ಚುಚ್ಚಬಾರ್ದು.

ಇಷ್ಟು ಕಷ್ಟಪಟ್ಟು ಹೆಣೆದು ಒಳಗಡೆ ಹಳೇದಾಗಿ ಸವೆದ ಬ್ಯಾಗ್ ಇಟ್ರೆ ಪ್ರಯೋಜನ ಇಲ್ಲ. ರಬ್ಬರ್ ಬ್ಯಾಗಿಗೆ 1903ರಲ್ಲಿ ಪೇಟೆಂಟ್ ತಗೊಂಡಿದ್ದು ಕ್ರೊಯೇಷಿಯಾದ ಜಾಗ್ರೆಬ್ಬಿನ ಎಂಜಿನಿಯರ್ ಸ್ಲಾವೊಲ್ಯುಬ್ ಪೆಂಕಾಲಾ, ಮೆಕ್ಯಾನಿಕಲ್ ಪೆನ್ಸಿಲ್ ಮಾಡಿದ್ನಲ್ಲಾ ಅದೇ ಪುಣ್ಯಾತ್ಮ, ಅವತ್ತಿಂದ ಇವತ್ತಿಗೆ ಸಾಮಾನು ಅಷ್ಟೇನೂ ಬದಲಾಗಿಲ್ಲ, ರಬ್ಬರ್ ವಯಸ್ಸಾಗೋದೂ ನಿಂತಿಲ್ಲ. ಬ್ರಿಟಿಷ್ ಸ್ಟ್ಯಾಂಡರ್ಡಿನ ಬ್ಯಾಗಾದ್ರೆ ಅದರ ಮೇಲೆ ಒಂದು ಸಣ್ಣ ಹೂವಿನ ಗುರುತು ಅಚ್ಚಾಗಿರತ್ತೆ, ನಡುವಿನ ಅಂಕಿ ತಯಾರಾದ ವರ್ಷ, ಸುತ್ತ 12 ದಳ ತಿಂಗಳುಗಳು, ದಳದೊಳಗಿನ ಚುಕ್ಕಿ ವಾರ. ಬಳಸೋಕೆ ಶುರು ಮಾಡಿ 2 ವರ್ಷ ಆದ್ಮೇಲೆ ಬದಲಾಯಿಸ್ಬೇಕು ಅಂತಾರೆ, ಅದಕ್ಕೆ ಮುಂಚೆನೇ ಮಡಚಿದ ಜಾಗದಲ್ಲಿ ಸಣ್ಣ ಬಿರುಕು ಕಂಡ್ರೆ ಅವತ್ತೇ ಎಸೆದ್ಬಿಡು. ಕವರ್ ಹಾಕಿದ ಮೇಲೆ ಈ ಬಿರುಕು ಕಣ್ಣಿಗೆ ಬೀಳಲ್ಲ, ಅದಕ್ಕೇ ಒಗೆಯೋಕೆ ಬಿಚ್ಚಿದಾಗೆಲ್ಲಾ ಬೆಳಕಿಗೆ ಹಿಡಿದು ನೋಡು. ಕುದಿಯೋ ನೀರು ಹಾಕ್ಬೇಡ, ಮೂರರಲ್ಲಿ ಎರಡು ಭಾಗ ಮಾತ್ರ ತುಂಬ್ಸು, ಮುಚ್ಚಳ ಹಾಕೋ ಮುಂಚೆ ಮೆಲ್ಲಗೆ ಒತ್ತಿ ಒಳಗಿನ ಗಾಳಿ ಹೊರಗೆ ಹಾಕು, ಮೇಲೆ ಯಾರೂ ಕೂರೋದು ಮಲಗೋದು ಬೇಡ.

ಒಗೆಯೋದು ಉಗುರುಬೆಚ್ಚಗಿನ ನೀರಲ್ಲಿ, ಉಜ್ಜದೆ ತಿಕ್ಕದೆ. ಬಿಸಿ, ಸೋಪು, ಉಜ್ಜಾಟ ಮೂರೂ ಸೇರಿದ್ರೆ ಉಣ್ಣೆ ಎಳೆಯ ಮೇಲಿನ ಪದರಗಳು ಒಂದಕ್ಕೊಂದು ಸಿಕ್ಕಾಕ್ಕೊಂಡು ಕವರ್ ಗಿಡ್ಡ ಆಗತ್ತೆ. ಹಿಂಡ್ಬೇಡ, ಟವಲ್ಲಲ್ಲಿ ಸುತ್ತಿ ಒತ್ತಿ, ನೇತು ಹಾಕದೆ ಚಪ್ಪಟೆಯಾಗಿ ಹರವಿ ಒಣಗ್ಸು. ಒಂದು ಒಣಗೋವಾಗ ಬ್ಯಾಗ್ ಬರಿಮೈಲಿ ಇರ್ಬಾರ್ದು, ಅದಕ್ಕೇ ಮೊದಲನೇದು ಮುಗಿದ ತಕ್ಷಣ ಎರಡನೇದಕ್ಕೆ ಕುಣಿಕೆ ಹಾಕ್ಬಿಡು, ಕೈ ಪಳಗಿರತ್ತೆ, ಬೇಗ ಆಗತ್ತೆ.

ಮೊದಲು ಬ್ಯಾಗಿನ ಸುತ್ತಳತೆ, ಭುಜದವರೆಗಿನ ಎತ್ತರ, ಕುತ್ತಿಗೆಯ ಅಳತೆ ಮೂರೂ ಬರೆದು ಕಳ್ಸು, ಸ್ಯಾಂಪಲ್ ತುಂಡಿನ ಮೇಲೆ ಸ್ಕೇಲ್ ಇಟ್ಟು ಒಂದು ಫೋಟೋನೂ ತೆಗೆದು ಕಳ್ಸು. 46 ನಿನಗೆ ಸರಿಯಾಗತ್ತಾ, 50 ಬೇಕಾಗತ್ತಾ ಅಂತ ನೋಡಿ ಹೇಳ್ತೀನಿ. ಅಮ್ಮಂಗೆ ಯಾವ ಬಣ್ಣ ಇಷ್ಟ ಅಂತ ಅವ್ರನ್ನೇ ಕೇಳಿ ದಾರ ತಗೋ.

ನಿನ್ನ ಗೆಣೆಕಾರ