ಹಳೆ ಜಾವಾ ತೆಗೆಯುತ್ತಿದ್ದೇವೆ: ನಮ್ಮ ಗ್ರಾಹಕರಿಗೆ ಪತ್ರ

ಶಿರಸಿ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ಶಿರಸಿಯ ಅಡಿಕೆ ವಖಾರಿಯಿಂದ ಕಾರವಾರದ ಮೀನು ವ್ಯಾಪಾರದವರೆಗೆ, ನಮ್ಮ ಬಿಲ್ಲಿಂಗ್ ಪ್ರೋಗ್ರಾಂ ಬಳಸುವ ಎಲ್ಲರಿಗೂ ಈ ಪತ್ರ. ಮುಂದಿನ ತಿಂಗಳಿನಿಂದ ನಿಮ್ಮ ಕಂಪ್ಯೂಟರಿನ ಜಾವಾ, ಅಂದರೆ ನಮ್ಮ ಪ್ರೋಗ್ರಾಂ ಓಡಲು ಬೇಕಾದ ತಂತ್ರಾಂಶವನ್ನು, ಬದಲಾಯಿಸುತ್ತೇವೆ. ಬಿಲ್ ಮಾಡುವ ಪರದೆ ಹಾಗೇ ಇರುತ್ತದೆ. ಅಡಿಕೆಯ ಬಗೆಗಳಾದ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಲ್ಲ ಇದ್ದಲ್ಲೇ ಸಿಗುತ್ತವೆ. ಇದಕ್ಕೆ ನೀವು ದುಡ್ಡು ಕೊಡಬೇಕಿಲ್ಲ.

ಯಾಕೆ ಈ ಕೆಲಸ ಅಂತ ಹೇಳಿಬಿಡುತ್ತೇವೆ. ಮೊನ್ನೆ ಕುಮಟಾದ ಒಂದು ಅಂಗಡಿಗೆ ಹೋಗಿದ್ದೆವು. ಪರದೆಯ ಮೂಲೆಯಲ್ಲಿ ಹಬೆಯಾಡುವ ಕಾಫಿ ಕಪ್ಪಿನ ಚಿತ್ರ, ಪಕ್ಕದಲ್ಲಿ ಜಾವಾ ಅಪ್‌ಡೇಟ್ ಬಂದಿದೆ ಅನ್ನುವ ಸೂಚನೆ. ಬಿಲ್ ಮಾಡುವ ಹುಡುಗಿ ಕೇಳಿದಳು, "ಇದು ದಿನಾ ಬರ್ತದೆ ಸರ್, ಹೌದು ಅಂತ ಒತ್ತಲಾ?" ನಾವು ಬೇಡ ಅಂದೆವು. ಆದರೆ ನಾವು ಇಲ್ಲದ ದಿನ ಎಷ್ಟು ಜನ ಒತ್ತಿದ್ದಾರೋ! ಅದರ ಹಿಂದೆ ಒಂದು ಶರತ್ತು ಇದೆ. ಯಾರೂ ಓದುವುದಿಲ್ಲ.

ಜಾವಾವನ್ನು ಮಾಡಿದ್ದು ಸನ್ ಕಂಪನಿ, 2010ರಲ್ಲಿ ಆ ಕಂಪನಿಯನ್ನೇ ಒರಾಕಲ್ ಅನ್ನುವ ಕಂಪನಿ ಕೊಂಡಿತು. 2019ರ ಏಪ್ರಿಲ್‌ನಿಂದ ಒರಾಕಲ್ ಕೊಡುವ ಜಾವಾ 8ರ ಹೊಸ ಅಪ್‌ಡೇಟ್‌ಗಳು ಮನೆ ಬಳಕೆಗೆ, ಪ್ರೋಗ್ರಾಂ ಬರೆದು ಪರೀಕ್ಷಿಸುವಂಥ ಕೆಲವು ಕೆಲಸಗಳಿಗೆ ಮಾತ್ರ ಉಚಿತ. ವ್ಯಾಪಾರಕ್ಕೆ ಬಳಸಿದರೆ ಚಂದಾ ಕಟ್ಟಬೇಕು. 2023ರ ಜನವರಿಯಲ್ಲಿ ಬಂದ ಚಂದಾ ಪದ್ಧತಿಯಲ್ಲಿ ಜಾವಾ ಬಳಸುವವರನ್ನಷ್ಟೇ ಎಣಿಸುವುದಿಲ್ಲ, ಒಟ್ಟು ನೌಕರರನ್ನು ಎಣಿಸುತ್ತಾರೆ. ಒಂದೇ ಕಂಪ್ಯೂಟರ್ ಇರುವ ಸೊಸೈಟಿಯಲ್ಲಿ ಕಾವಲುಗಾರರೂ ಲೆಕ್ಕಕ್ಕೆ ಬರುತ್ತಾರೆ! ಹೊಸ ಆವೃತ್ತಿಗಳಿಗೆ ಉಚಿತ ಪರವಾನಗಿಯೂ ಇದೆ, ನಿಜ. ಅದಕ್ಕೆ ಅವಧಿ ಇದೆ. ಅವಧಿ ಮುಗಿದ ಮೇಲೆ ಬರುವ ಅಪ್‌ಡೇಟ್‌ಗಳಿಗೆ ಶರತ್ತು ಬೇರೆ. ಹಾಗಂತ ಅಪ್‌ಡೇಟ್ ಮಾಡದೆ ಸುಮ್ನೆ ಕೂತರೆ ಹಳೆಯ ದೋಷಗಳು ಹಾಗೇ ಉಳಿಯುತ್ತವೆ. ನಿಮ್ಮ ವರ್ಷಗಳ ಲೆಕ್ಕ ಈ ಇಕ್ಕಟ್ಟಿನಲ್ಲಿ ಇರುವುದು ನಮಗೆ ಸರಿ ಕಾಣಲಿಲ್ಲ.

ಇನ್ನು ಮುಂದೆ ನಾವು ಹಾಕುವುದು ಓಪನ್‌ಜೆಡಿಕೆ. ಇದೂ ಜಾವಾನೇ. ಸನ್ ಕಂಪನಿಯೇ 2006ರ ನವೆಂಬರ್‌ನಲ್ಲಿ ಜಾವಾದ ಮೂಲ ಕೋಡನ್ನು ಜಿಪಿಎಲ್ ಪರವಾನಗಿಯಲ್ಲಿ ಬಿಡುಗಡೆ ಮಾಡತೊಡಗಿತು. ಅದನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಅಂಗಡಿಯಲ್ಲಿ ಬಳಸಿ, ಮನೆಯಲ್ಲಿ ಬಳಸಿ, ಯಾರೂ ತಲೆ ಎಣಿಸಲು ಬರುವುದಿಲ್ಲ. ಓಪನ್‌ಜೆಡಿಕೆಯನ್ನು ಹಲವರು ಸಿದ್ಧಮಾಡಿ ಕೊಡುತ್ತಾರೆ, ಅದರಲ್ಲಿ ಎಕ್ಲಿಪ್ಸ್ ಫೌಂಡೇಶನ್ ಅನ್ನುವ ಸಂಸ್ಥೆಯ ಟೆಮುರಿನ್ ಅನ್ನುವುದನ್ನು ಆರಿಸಿದ್ದೇವೆ. ನಾಳೆ ನಾವೇ ಈ ಕೆಲಸ ಬಿಟ್ಟರೂ ಬೇರೆಯವರು ಅದನ್ನು ನಿಮಗೆ ಹಾಕಿಕೊಡಬಹುದು. ನಮಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದೇ.

ಕೋಡ್ ಮುಕ್ತವಾಗಿದ್ದ ಮಾತ್ರಕ್ಕೆ ಸುರಕ್ಷಿತ ಅಂತ ಹೇಳಲಾರೆವು. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಅನ್ನುವ ಲೈಬ್ರರಿಯಲ್ಲಿ (ಪ್ರೋಗ್ರಾಂಗಳು ಸೇರಿಸಿಕೊಳ್ಳುವ ಸಿದ್ಧ ಕೋಡಿನ ಕಟ್ಟು) ದೊಡ್ಡ ದೋಷ ಹೊರಬಂತು. ಜಾವಾ ಪ್ರೋಗ್ರಾಂಗಳು ತಮ್ಮ ದಿನಚರಿ ಬರೆದಿಡಲು ಬಳಸುವ ಲೈಬ್ರರಿ ಅದು. ಅದೂ ಮುಕ್ತ ಕೋಡೇ. ಒಂದು ಸಾಲು ಕಳಿಸಿ ದೂರದಿಂದಲೇ ಕಂಪ್ಯೂಟರನ್ನು ವಶ ಮಾಡಿಕೊಳ್ಳಬಹುದಿತ್ತು. ನಮ್ಮ ಪ್ರೋಗ್ರಾಂನಲ್ಲೂ ಅದು ಇತ್ತು. ಯಾವ ಅಂಗಡಿಯಲ್ಲಿ ಯಾವ ಆವೃತ್ತಿ ಇದೆ ಅನ್ನುವ ಪಟ್ಟಿ ನಮ್ಮ ಹತ್ತಿರ ಇರಲಿಲ್ಲ. ಒಬ್ಬೊಬ್ಬರಿಗೇ ಫೋನ್ ಮಾಡಿ ಕೇಳಿಕೊಂಡು ಸರಿ ಮಾಡಿದೆವು. ಆ ತಪ್ಪು ನಮ್ಮದು. ಈಗ ಪ್ರತಿ ಗ್ರಾಹಕರ ಹೆಸರಿನ ಮುಂದೆ ಯಾವ ಲೈಬ್ರರಿ, ಯಾವ ಆವೃತ್ತಿ ಅಂತ ಬರೆದಿಟ್ಟಿದ್ದೇವೆ. ಬೇಡದ ಲೈಬ್ರರಿಗಳನ್ನು ತೆಗೆದಿದ್ದೇವೆ.

ಜಾವಾದ ಸುರಕ್ಷತಾ ಅಪ್‌ಡೇಟ್ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನಲ್ಲಿ ಬರುತ್ತದೆ. ಇಲ್ಲಿ ಹಾಕಿ ನೋಡಿದ ಮೇಲೆ ನಾವೇ ಕಳಿಸುತ್ತೇವೆ. ಜೊಯಿಡಾ, ಯಲ್ಲಾಪುರದ ಕಡೆ ನೆಟ್‌ವರ್ಕ್ ಸಿಗದವರಿಗೆ ಪೆನ್‌ಡ್ರೈವ್‌ನಲ್ಲಿ ತರುತ್ತೇವೆ.

ಅಲ್ಲಿಯವರೆಗೆ ಕಾಫಿ ಕಪ್ಪಿನ ಸೂಚನೆ ಬಂದರೆ ಮುಚ್ಚಿಬಿಡಿ, ಒಪ್ಪಿಗೆ ಒತ್ತಬೇಡಿ. ಹಳೆ ಜಾವಾವನ್ನು ನೀವಾಗಿ ತೆಗೆಯಲೂ ಬೇಡಿ. ಡಿಜಿಟಲ್ ಸಹಿ ಹಾಕುವ ಕೆಲವು ಪ್ರೋಗ್ರಾಂಗಳಿಗೆ ಅದು ಬೇಕಾಗಿರಬಹುದು, ನಾವು ನೋಡಿ ತೆಗೆಯುತ್ತೇವೆ. ಬರುವ ಮುಂಚೆ ಫೋನ್ ಮಾಡುತ್ತೇವೆ. ಅರ್ಧ ಗಂಟೆ ಬಿಲ್ಲಿಂಗ್ ನಿಲ್ಲಿಸಬೇಕಾಗುತ್ತದೆ, ಟೆಂಡರ್ ಇಲ್ಲದ ದಿನ ಹೇಳಿ. ಹಿಂದಿನ ಸಂಜೆ ಬ್ಯಾಕಪ್ ತೆಗೆದಿಟ್ಟಿರಿ.

ಇತಿ ನಿಮ್ಮ ವಿಶ್ವಾಸಿಗಳು,
ಬಿಲ್ಲಿಂಗ್ ಪ್ರೋಗ್ರಾಂ ತಂಡ