ಎದೆಬಡಿತ ಮರಳಿದ ಮೇಲಿನ ಮೂರು ದಿನ

ಮಾನ್ಯ ಸಂಪಾದಕರೇ,

ಹೃದಯ ಸ್ತಂಭನದ ಸುದ್ದಿ ಬಂದಾಗಲೆಲ್ಲ ಎದೆ ಒತ್ತುವುದು ಹೇಗೆ ಅಂತ ಪತ್ರಿಕೆಗಳು ಬರೆಯುತ್ತವೆ. ಬಹಳ ಒಳ್ಳೆಯದು. ನಿಂತ ಹೃದಯ ಮತ್ತೆ ಬಡಿಯತೊಡಗಿದ ಮೇಲಿನ ಆರೈಕೆಯ ಬಗ್ಗೆ ಮಾತ್ರ ಯಾರೂ ಬರೆಯುವುದಿಲ್ಲ. ನಾನು ಹುಬ್ಬಳ್ಳಿಯಲ್ಲಿ ಐಸಿಯು ನರ್ಸ್. ಆ ಆರೈಕೆ ನಮ್ಮ ಕೈಯಲ್ಲೇ ನಡೆಯುತ್ತದೆ.

ರಕ್ತ ಸಿಗದೆ ಬಳಲಿದ ಮಿದುಳಿಗೆ ಜ್ವರವೂ ಸೇರಿದರೆ ಪೆಟ್ಟು ಜಾಸ್ತಿ. 2002ರ ಅಧ್ಯಯನಗಳ ನಂತರ ಇಂಥವರ ಮೈಯನ್ನು 32ರಿಂದ 34 ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡುವುದು ರೂಢಿಗೆ ಬಂತು. 2021ರ ದೊಡ್ಡ ಅಧ್ಯಯನದಲ್ಲಿ, 33ಕ್ಕೆ ಇಳಿಸಿದವರಿಗಿಂತ ಬರೀ ಜ್ವರ ತಡೆದವರು ಕಡಿಮೆ ಬದುಕಿದರು ಅಂತೇನೂ ಕಾಣಲಿಲ್ಲ. ಹಾಗಾಗಿ ಈಗ ಕೆಲವರನ್ನು ತಂಪಾಗಿ ಇಡುತ್ತಾರೆ, ಉಳಿದವರಿಗೆ ಜ್ವರ ಏರದಂತೆ ನೋಡುತ್ತಾರೆ. ಎರಡಕ್ಕೂ ಮಂಚದ ಪಕ್ಕ ನರ್ಸ್ ಇರಲೇಬೇಕು.

ನಡುಕವನ್ನೇ ತೆಗೆದುಕೊಳ್ಳಿ. ಅದು ಮೊದಲು ದವಡೆಯಲ್ಲಿ, ಕುತ್ತಿಗೆಯಲ್ಲಿ ಶುರುವಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕೈ ಇಟ್ಟರೆ ತಿಳಿಯುತ್ತದೆ. ಬಿಟ್ಟರೆ ಮೈ ತಾನೇ ಬಿಸಿ ಹುಟ್ಟಿಸಿಕೊಳ್ಳುತ್ತದೆ, ತಂಪು ಮಾಡಿದ್ದೆಲ್ಲ ವ್ಯರ್ಥ. ಆಗ ಅಂಗೈ, ಅಂಗಾಲು ಬೆಚ್ಚಗೆ ಸುತ್ತುತ್ತೇವೆ, ಡಾಕ್ಟರನ್ನು ಕೇಳಿ ಔಷಧಿ ಹೆಚ್ಚಿಸುತ್ತೇವೆ. ತಂಪು ಪ್ಯಾಡ್ ಎತ್ತಿ ಎತ್ತಿ ಚರ್ಮ ನೋಡಬೇಕು. ತಂಪಾದಾಗ ರಕ್ತದ ಪೊಟ್ಯಾಸಿಯಂ ಇಳಿಯುತ್ತದೆ, ಮೈ ಬಿಸಿಯಾಗುವಾಗ ಏರುತ್ತದೆ. ಅದಕ್ಕೇ ಮತ್ತೆ ಬಿಸಿ ಮಾಡುವುದು ತಾಸಿಗೆ ಕಾಲು ಡಿಗ್ರಿ, ಹೆಚ್ಚೆಂದರೆ ಅರ್ಧ ಡಿಗ್ರಿ. ಬಗಲಿನ ಥರ್ಮಾಮೀಟರ್ ನಂಬಿ ಇದನ್ನೆಲ್ಲ ಮಾಡುವ ಹಾಗಿಲ್ಲ, ತಾಪ ಅಳೆಯುವ ಪ್ರೋಬ್ ಮೈಯೊಳಗೇ ಇರಬೇಕು.

ಮನೆಯವರ ಸಂಕಟ ಬೇರೆ. ಗದಗ ಕಡೆಯ ಒಬ್ಬ ಅಜ್ಜಿ, “ಮಗನ ಮೈ ಮಂಜಾಗೇತ್ರಿ ಸಿಸ್ಟರ್, ಈ ಕೌದಿ ಹೊಚ್ರಿ” ಅಂತ ಕೌದಿ ಮುಂದೆ ಹಿಡಿದಿದ್ದರು. ಬೇಕಂತಲೇ ತಂಪು ಮಾಡಿದ್ದೇವೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಇನ್ನು ಕೆಲವರು ಮಾರನೇ ದಿನವೇ ಕಣ್ಣು ಬಿಟ್ಟಿಲ್ಲ ಅಂತ ಮನೆಗೆ ಒಯ್ಯಲು ಹೊರಡುತ್ತಾರೆ. ಆದರೆ ನಿದ್ದೆ ಔಷಧಿಯ ಪ್ರಭಾವ ಇಳಿಯದೆ, ಕನಿಷ್ಠ 72 ತಾಸು ಕಳೆಯದೆ ಮಿದುಳಿನ ಬಗ್ಗೆ ತೀರ್ಮಾನಕ್ಕೆ ಬರಬಾರದು.

ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸ್‌ಗೆ ಮೂರು ಮಂಚ ಕೊಟ್ಟರೆ ದವಡೆಯ ನಡುಕ ಯಾರಿಗೆ ತಿಳಿಯುತ್ತೆ ಹೇಳಿ? ನಮ್ಮ ಅವಳಿ ನಗರದ ಆಸ್ಪತ್ರೆಗಳಿಗೆ, ಸರ್ಕಾರಿ ಇರಲಿ ಖಾಸಗಿ ಇರಲಿ, ನನ್ನ ಕಳಕಳಿಯ ವಿನಂತಿ: ಆ ಮೂರು ದಿನ ಇಂಥ ಒಬ್ಬ ರೋಗಿಗೆ ಒಬ್ಬ ನರ್ಸ್ ಕೊಡಿ. ಮೊದಲ ದಿನವೇ ಮನೆಯವರನ್ನು ಕೂರಿಸಿಕೊಂಡು ಎಲ್ಲ ತಿಳಿಸಿ ಹೇಳಿ.

– ಐಸಿಯು ನರ್ಸ್, ಹುಬ್ಬಳ್ಳಿ