ಕೋಡ್ ಕೊಟ್ಟವರ ಲೆಕ್ಕ ಸರಿ, ಅದನ್ನು ಕಾಯುವವರ ಲೆಕ್ಕ ಎಲ್ಲಿ?

ಸಂಪಾದಕರಿಗೆ ನಮಸ್ಕಾರ.

ದೊಡ್ಡ ಟೆಕ್ ಕಂಪನಿಗಳು ಓಪನ್ ಸೋರ್ಸ್ ತಂತ್ರಾಂಶಕ್ಕೆ (ಅಂದರೆ ಯಾರು ಬೇಕಾದರೂ ಕೋಡ್ ನೋಡಿ, ತಿದ್ದಿ ಬಳಸಬಹುದಾದ ತಂತ್ರಾಂಶಕ್ಕೆ) ಎಷ್ಟು ಕೊಡುಗೆ ಕೊಡುತ್ತಿವೆ ಎಂದು ನಿಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ಬರಹ ಓದಿದೆ. ಯಾವ ಕಂಪನಿಯ ಎಷ್ಟು ಜನ ಕೋಡ್ ಬರೆಯುತ್ತಾರೆ ಎಂಬ ಲೆಕ್ಕ ಅದರಲ್ಲಿತ್ತು. ಆ ಲೆಕ್ಕದ ಬಗ್ಗೆ ನನ್ನ ತಕರಾರಿಲ್ಲ. ಬರೆದ ಕೋಡನ್ನು ಆಮೇಲೆ ವರ್ಷಗಟ್ಟಲೆ ನೋಡಿಕೊಳ್ಳುವವರು ಯಾರು, ಅವರಿಗೆ ಸಂಬಳ ಕೊಡುವವರು ಯಾರು ಅನ್ನುವುದನ್ನೂ ಕೇಳಬೇಕಿತ್ತು.

ನಾನು ತುಮಕೂರಿನ ಶಿರಾ ಗೇಟ್ ಹತ್ತಿರ ಡಿಟಿಪಿ ಅಂಗಡಿ ನಡೆಸುತ್ತೇನೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಕಾಲೇಜಿನ ಸ್ಮರಣ ಸಂಚಿಕೆ, ನಿವೃತ್ತ ಮೇಷ್ಟ್ರುಗಳ ಕವನ ಸಂಕಲನ, ಎಲ್ಲ ಬರುತ್ತದೆ. ಲೈಸೆನ್ಸ್ ದುಡ್ಡು ಹೊಂದಿಸಲಾಗದೆ ಉಬುಂಟು, ಲಿಬ್ರೆ ಆಫೀಸ್, ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶಗಳನ್ನು ಕಲಿತವಳು ನಾನು. ಈಗ ಅವನ್ನು ಬಿಡುವ ಮನಸ್ಸಿಲ್ಲ. ಓಪನ್ ಸೋರ್ಸ್ ನನಗೆ ಹೊಟ್ಟೆಪಾಡು.

ಕಂಪನಿಗಳಿಗೆ ಸಲ್ಲಬೇಕಾದದ್ದು ಮೊದಲು ಸಲ್ಲಲಿ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ವಿದ್ಯಾರ್ಥಿಯಾಗಿದ್ದಾಗ ಶುರು ಮಾಡಿದ, ಉಬುಂಟುವಿನ ತಳಪಾಯವಾದ ಲಿನಕ್ಸ್ ಕರ್ನೆಲ್‌ಗೆ ಇವತ್ತು ಬರುವ ಕೋಡ್‌ನಲ್ಲಿ ಜಾಸ್ತಿ ಪಾಲು ಇಂಟೆಲ್, ರೆಡ್ ಹ್ಯಾಟ್, ಗೂಗಲ್, ಎಎಂಡಿಯಂಥ ಕಂಪನಿಗಳಲ್ಲಿ ಸಂಬಳ ಪಡೆಯುವವರದ್ದು. ತಮ್ಮ ಚಿಪ್, ತಮ್ಮ ಸರ್ವರ್ ಓಡಲಿ ಎಂದೇ ಅವರು ಬರೆಯುತ್ತಾರೆ. ಇರಲಿ, ಅದರಿಂದ ನನ್ನ ಹಳೇ ಕಂಪ್ಯೂಟರೂ ಓಡುತ್ತದೆ.

ಕನ್ನಡಕ್ಕೂ ಇದರಿಂದ ದೊಡ್ಡ ಉಪಕಾರವಾಗಿದೆ. ಲಗ್ನಪತ್ರಿಕೆಯಲ್ಲಿ ‘ಲಕ್ಷ್ಮೀ’ ಎಂದು ಟೈಪ್ ಮಾಡಿದರೆ ಕಕಾರಕ್ಕೆ ಷ, ಮ ಎರಡು ಒತ್ತೂ ಸರಿಯಾದ ಜಾಗದಲ್ಲಿ ಕೂರಬೇಕು, ದೀರ್ಘ ಬಲಕ್ಕೆ ಬರಬೇಕು. ಈ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ಓಪನ್ ಸೋರ್ಸ್ ತಂತ್ರಾಂಶ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಎಲ್ಲದರೊಳಗೂ ಅದಿದೆ. ಅದನ್ನು ಮುಖ್ಯವಾಗಿ ಬರೆದ ಬೆಹದಾದ್ ಎಸ್ಫಹಬೋದ್ ಅವರು ಮೊದಲು ರೆಡ್ ಹ್ಯಾಟ್‌ನಲ್ಲಿ, ಆಮೇಲೆ ಗೂಗಲ್‌ನಲ್ಲಿ ನೌಕರಿಯಲ್ಲಿದ್ದವರು. ನಾನು ದಿನಾ ಬಳಸುವ ನೋಟೊ ಕನ್ನಡ ಫಾಂಟ್‌ಗಳನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟದ್ದೂ ಗೂಗಲ್ಲೇ. ಇದನ್ನೆಲ್ಲ ನಾನು ಮರೆಯುವುದಿಲ್ಲ.

ಆದರೆ ಟೆಸರಾಕ್ಟ್ ಕಥೆ ಕೇಳಿ. ಹಳೇ ಪುಸ್ತಕದ ಪುಟವನ್ನು ಸ್ಕ್ಯಾನ್ ಮಾಡಿದರೆ ಅಕ್ಷರ ಗುರುತಿಸಿ ಪಠ್ಯವಾಗಿ ಕೊಡುವ ಒಸಿಆರ್ ಅದು. ಅಚ್ಚಿನಲ್ಲಿಲ್ಲದ ಪುಸ್ತಕ ತಂದು ‘ಮತ್ತೆ ಮಾಡಿಕೊಡಮ್ಮ’ ಅನ್ನುವವರು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ. ಪೂರ್ತಿ ಕೈಯಲ್ಲಿ ಟೈಪ್ ಮಾಡಿದರೆ ಅವರಿಗೂ ಖರ್ಚು ಜಾಸ್ತಿ, ನನಗೂ ಕತ್ತು ನೋವು. 1980ರ ದಶಕದಲ್ಲಿ ಎಚ್‌ಪಿ ಕಂಪನಿ ಇದನ್ನು ಶುರು ಮಾಡಿತು, 2005ರಲ್ಲಿ ಓಪನ್ ಸೋರ್ಸ್ ಮಾಡಿತು. 2006ರಿಂದ ಹತ್ತು ವರ್ಷಕ್ಕೂ ಮೇಲೆ ಗೂಗಲ್ ಬೆಳೆಸಿತು. ಕನ್ನಡವೂ ಅದಕ್ಕೆ ಸೇರಿತು. ಆಮೇಲೆ ಗೂಗಲ್ ಹಿಂದೆ ಸರಿಯಿತು. ಈಗ ಅದನ್ನು ಮುಂದುವರಿಸುತ್ತಿರುವವರು ಹೆಚ್ಚಾಗಿ ಸ್ವಯಂಸೇವಕರು. ಗೂಗಲ್‌ನದೇ ಇನ್ನೊಂದು ಒಸಿಆರ್ ಕನ್ನಡವನ್ನು ಇದಕ್ಕಿಂತ ಚೆನ್ನಾಗಿ ಓದುತ್ತದೆ. ಆದರೆ ಅದರ ಕೋಡ್ ಕಂಪನಿಯ ಒಳಗೇ ಇದೆ. ಅದು ತಪ್ಪು ಓದಿದ ಒತ್ತಕ್ಷರವನ್ನು ನಾವು ಯಾರೂ ಒಳಹೊಕ್ಕು ತಿದ್ದುವ ಹಾಗಿಲ್ಲ. ಕೊಡುಗೆಯ ಲೆಕ್ಕದಲ್ಲಿ ಟೆಸರಾಕ್ಟ್ ಹೆಸರು ಸೇರಿಸುವವರು, ಗೂಗಲ್ ಅದರ ಕೈಬಿಟ್ಟದ್ದನ್ನೂ ಬರೆಯಬೇಕಲ್ವಾ?

ಇದು ಕನ್ನಡದ ಪಾಡು ಮಾತ್ರ ಅಲ್ಲ. ಬ್ಯಾಂಕಿನ ವೆಬ್‌ಸೈಟಿಗೂ ನಮಗೂ ನಡುವೆ ಹೋಗುವ ಮಾಹಿತಿಯನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್‌ನಲ್ಲಿ 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಸಿಕ್ಕಿತು. ಆ ಯೋಜನೆಗೆ ದೇಣಿಗೆಯಾಗಿ ಬರುತ್ತಿದ್ದದ್ದು ವರ್ಷಕ್ಕೆ ಸುಮಾರು 2,000 ಡಾಲರ್ ಎಂದು ಆಗಲೇ ಜಗತ್ತಿಗೆ ಗೊತ್ತಾದದ್ದು. ಕೋಟಿ ಕೋಟಿ ವ್ಯವಹಾರದ ಕಂಪನಿಗಳೆಲ್ಲ ಅದನ್ನೇ ನಂಬಿ ಕೂತಿದ್ದವು. ದೋಷ ಬಯಲಾದ ಮೇಲೆ ಗೂಗಲ್, ಮೈಕ್ರೋಸಾಫ್ಟ್, ಫೇಸ್‌ಬುಕ್, ಅಮೆಜಾನ್ ಎಲ್ಲ ಸೇರಿ ಲಿನಕ್ಸ್ ಫೌಂಡೇಶನ್ ಎಂಬ ಸಂಸ್ಥೆಯ ಮೂಲಕ ಹಣ ಹಾಕಿದವು. ಹಾಕಿದ್ದು ಒಳ್ಳೇದು, ಆದರೆ ಮನೆಗೆ ಬೆಂಕಿ ಬಿದ್ದ ಮೇಲೆ.

ಹತ್ತು ವರ್ಷ ಕಳೆದು 2024ರಲ್ಲಿ ಮತ್ತೆ ಅದೇ. ಎಕ್ಸ್‌ಝಡ್ ಎಂಬ, ಫೈಲುಗಳನ್ನು ಚಿಕ್ಕದು ಮಾಡುವ ತಂತ್ರಾಂಶ. ಅದನ್ನು ಒಬ್ಬರೇ ಸಂಬಳವಿಲ್ಲದೆ ನೋಡಿಕೊಳ್ಳುತ್ತಾ ದಣಿದಿದ್ದರು. ಸಹಾಯ ಮಾಡುತ್ತೇನೆಂದು ಬಂದ ಅನಾಮಿಕನೊಬ್ಬ ಎರಡು ವರ್ಷ ನಂಬಿಕೆ ಗಳಿಸಿ, ಕೊನೆಗೆ ಅದರೊಳಗೆ, ಹೊರಗಿನವರು ಗುಟ್ಟಾಗಿ ಕಂಪ್ಯೂಟರಿಗೆ ನುಗ್ಗುವಂಥ ಕಳ್ಳಬಾಗಿಲು ಇಟ್ಟ. ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆ ಎಂದು ಗಮನಿಸಿ ಅದನ್ನು ಪತ್ತೆ ಮಾಡಿದವರು ಆಂಡ್ರೆಸ್ ಫ್ರಾಯ್ಂಡ್. ಅವರು ಮೈಕ್ರೋಸಾಫ್ಟ್ ಎಂಜಿನಿಯರ್. ಕಂಪನಿಯವರು ಸಂಬಳ ಕೊಟ್ಟು ಇಂಥವರನ್ನು ಇಟ್ಟುಕೊಂಡಿದ್ದರಿಂದ ಎಲ್ಲರೂ ಬದುಕಿಕೊಂಡೆವು. ಇಂಥ ಒಂದು ಸಂಬಳ ಆ ದಣಿದ ಮನುಷ್ಯನಿಗೂ ಮೊದಲೇ ಸಿಕ್ಕಿದ್ದರೆ?

ನಮ್ಮ ಕಡೆ ಕೆರೆ ಕಟ್ಟಿಸಿದವರ ಹೆಸರು ಶಾಸನದಲ್ಲಿರುತ್ತದೆ. ತೂಬು ತೆಗೆದು, ಮುಚ್ಚಿ, ಗದ್ದೆಗದ್ದೆಗೆ ನೀರು ಹಂಚುವ ನೀರುಗಂಟಿಗೆ, ಆ ನೀರು ಉಂಡ ರೈತರೇ ಸುಗ್ಗಿಯಲ್ಲಿ ಕಾಳು ಅಳೆದು ಕೊಡುತ್ತಿದ್ದರು. ಟೆಕ್ ಕಂಪನಿಗಳಿಂದ ನಾನು ಕೇಳುವುದೂ ಅಷ್ಟೇ. ಸ್ವಂತ ಹೊಸ ಯೋಜನೆ ತೆರೆದು ಸುದ್ದಿ ಮಾಡುವುದು ಬೇರೆ. ತಾವು ದಿನಾ ಆತುಕೊಂಡಿರುವ ಸಣ್ಣಪುಟ್ಟ ತಂತ್ರಾಂಶಗಳ ಪಟ್ಟಿ ಮಾಡಿ, ಅವನ್ನು ಕಾಯುವವರಿಗೆ ವರ್ಷ ವರ್ಷ ದುಡ್ಡು ಕೊಡುವುದು ಬೇರೆ. ಬೆಂಗಳೂರಿನ ಷೇರು ವ್ಯವಹಾರದ ಕಂಪನಿ ಜೆರೋಧಾ 2024ರಲ್ಲಿ ಫ್ಲಾಸ್ ಫಂಡ್ ಶುರು ಮಾಡಿ, ಓಪನ್ ಸೋರ್ಸ್ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಕೊಡುವುದಾಗಿ ಹೇಳಿತು. ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಕಂಪನಿಗಳ ಕಚೇರಿಗಳು ಅದೇ ಊರಿನಲ್ಲಿವೆ.

ಬೆಂಗಳೂರು ಟೆಕ್ ಸಮಿಟ್ ನಡೆದಾಗ ಈ ಕಂಪನಿಗಳ ಮುಖ್ಯಸ್ಥರೆಲ್ಲ ನಿಮ್ಮ ವರದಿಗಾರರಿಗೆ ಸಿಗುತ್ತಾರೆ. ‘ಎಷ್ಟು ಕೋಡ್ ಕೊಟ್ಟಿರಿ’ ಎಂದು ಕೇಳುವ ಜೊತೆಗೆ, ‘ನೀವು ಬರೆಯದೇ ಬಳಸುವ ಕೋಡ್‌ಗೆ ಈ ವರ್ಷ ಎಷ್ಟು ಕೊಟ್ಟಿರಿ, ಕನ್ನಡದ ಒಸಿಆರ್‌ಗೆ ಎಷ್ಟು’ ಎಂದೂ ದಯವಿಟ್ಟು ಕೇಳಿ, ಉತ್ತರವನ್ನು ಅಚ್ಚು ಹಾಕಿ.

ಇಂತಿ,
ಡಿಟಿಪಿ ಅಂಗಡಿಯ ಓದುಗಿ,
ಶಿರಾ ಗೇಟ್, ತುಮಕೂರು